ಸೆಷನ್ ಮುಗಿದಾಗ ಬೀಗ ತೆರೆಯಲಿ: ಜಾವಾ ವೆಬ್ ಅಪ್ಲಿಕೇಶನ್‌ನಲ್ಲಿ ಸೆಷನ್ ಘಟನೆಗಳನ್ನು ಸರ್ವಿಸ್‌ಗೆ ಜೋಡಿಸುವ ಬಗೆ

ಕಚೇರಿಯ ಕಡತಗಳನ್ನು ಬ್ರೌಸರ್‌ನಲ್ಲೇ ತಿದ್ದುವ ಒಂದು ಜಾವಾ ಅಪ್ಲಿಕೇಶನ್ ಇದೆ ಎಂದಿಟ್ಟುಕೊಳ್ಳಿ. ಒಬ್ಬರು ಕಡತ ತೆರೆದ ಕೂಡಲೇ ಇನ್ನೊಬ್ಬರು ಅದನ್ನು ತಿದ್ದದಂತೆ ಡೇಟಾಬೇಸ್‌ನಲ್ಲಿ ಬೀಗ ಬೀಳುತ್ತದೆ. ‘ಉಳಿಸು’ ಒತ್ತಿದರೆ ಬೀಗ ತೆರೆಯುತ್ತದೆ. ಆದರೆ ತಿದ್ದುತ್ತಿದ್ದವರು ಅರ್ಧಕ್ಕೇ ಬಿಟ್ಟು ಎದ್ದು ಹೋದರೆ ಬೀಗ ಹಾಗೆಯೇ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಉಳಿದವರಿಗೆ ಕಡತ ಸಿಗುವುದಿಲ್ಲ, ಯಾರೋ ಡೇಟಾಬೇಸ್‌ಗೆ ಕೈ ಹಾಕಿ ಬೀಗ ಅಳಿಸಬೇಕಾಗುತ್ತದೆ. ಸೆಷನ್, ಅಂದರೆ ಒಬ್ಬ ಬಳಕೆದಾರರ ಸತತ ಕೋರಿಕೆಗಳನ್ನು ಸರ್ವರ್ ಒಟ್ಟಾಗಿ ನೆನಪಿಟ್ಟುಕೊಳ್ಳುವ ಅವಧಿ, ಮುಗಿದ ಸುದ್ದಿಯನ್ನು ಬೀಗ ನೋಡಿಕೊಳ್ಳುವ ಸರ್ವಿಸ್‌ಗೆ ತಲುಪಿಸಿದರೆ ಈ ತೊಂದರೆಯ ಬಹುಪಾಲು ತಪ್ಪುತ್ತದೆ. ತಾತ್ಕಾಲಿಕ ಫೈಲ್ ಅಳಿಸುವುದಕ್ಕೂ, ಕಾಯ್ದಿರಿಸಿದ ಸೀಟು ಬಿಟ್ಟುಕೊಡುವುದಕ್ಕೂ, ಯಾರು ಯಾವಾಗ ಹೊರಹೋದರು ಎಂದು ದಾಖಲಿಸುವುದಕ್ಕೂ ದಾರಿ ಇದೇ. ಈ ಲೇಖನದ ಉದ್ದಕ್ಕೂ ಬೀಗದ ಉದಾಹರಣೆಯನ್ನೇ ಹಿಡಿದು ಹೋಗುತ್ತೇನೆ.

ಕ್ಲಾಸ್ ಮತ್ತು ಮೆಥಡ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕೋಡ್‌ನಲ್ಲಿ ಅವನ್ನು ನಡುವೆ ಜಾಗ ಬಿಡದೆ ಕೂಡಿಸಿ ಬರೆಯಬೇಕು. ಎರಡು ಅಕ್ಷರ ಟೈಪ್ ಮಾಡಿದರೆ ಐಡಿಇ ಉಳಿದದ್ದನ್ನು ತುಂಬುತ್ತದೆ.

ಮೊದಲು ತಿಳಿದಿರಬೇಕಾದ ಒಂದು ಮಾತು

ಬ್ರೌಸರ್ ಮುಚ್ಚಿದರೆ ಸರ್ವರ್‌ಗೆ ಯಾವ ಸುದ್ದಿಯೂ ಹೋಗುವುದಿಲ್ಲ. ಸೆಷನ್ ಕೊನೆಯಾಗುವುದು ಮುಖ್ಯವಾಗಿ ಎರಡು ರೀತಿಯಲ್ಲಿ: ನಿಮ್ಮ ಕೋಡ್ ಇನ್‌ವ್ಯಾಲಿಡೇಟ್ ಮೆಥಡ್ ಕರೆದಾಗ, ಇಲ್ಲವೇ ನಿಗದಿತ ಹೊತ್ತಿನವರೆಗೆ ಒಂದೂ ಕೋರಿಕೆ ಬಾರದೆ ಕಂಟೇನರ್ (ಟಾಮ್‌ಕ್ಯಾಟ್‌ನಂತೆ ನಿಮ್ಮ ಅಪ್ಲಿಕೇಶನ್ ಓಡಿಸುವ ಸರ್ವರ್) ತಾನಾಗಿ ಸೆಷನ್ ಮುಗಿಸಿದಾಗ. ಲಾಗೌಟ್ ಗುಂಡಿ ಒತ್ತುವವರು ಕಡಿಮೆ. ಆದ್ದರಿಂದ ನಿಮ್ಮ ಕೋಡ್ ಬಹುತೇಕ ಸಲ ಓಡುವುದು ಎರಡನೆಯ ಸಂದರ್ಭದಲ್ಲಿ, ಅಂದರೆ ಬಳಕೆದಾರರು ಹೋಗಿ ಎಷ್ಟೋ ಹೊತ್ತಾದ ಮೇಲೆ, ಯಾವ ಕೋರಿಕೆಯೂ ಜೊತೆಗಿಲ್ಲದೆ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಹುಟ್ಟುವುದು ಈ ಒಂದು ಸಂಗತಿಯಿಂದ.

ಯಾವ ಲಿಸನರ್?

ಘಟನೆ ನಡೆದಾಗ ಕಂಟೇನರ್ ಕರೆಯುವ ಕ್ಲಾಸೇ ಲಿಸನರ್. ಜಾವಾ ವೆಬ್ ಅಪ್ಲಿಕೇಶನ್‌ಗಳ ನಿಯಮಗಳನ್ನು ಹೇಳುವ ಸರ್ವ್‌ಲೆಟ್ ನಿರ್ದಿಷ್ಟತೆ ಸೆಷನ್‌ಗೆ ಸಂಬಂಧಿಸಿದ ಐದು ಲಿಸನರ್ ಇಂಟರ್‌ಫೇಸ್‌ಗಳನ್ನು ಕೊಡುತ್ತದೆ. ಹೆಸರುಗಳು ಒಂದನ್ನೊಂದು ಹೋಲುವುದರಿಂದ ತಪ್ಪಾದದ್ದನ್ನು ಆರಿಸಿಕೊಳ್ಳುವುದು ಸುಲಭ.

ಎಚ್‌ಟಿಟಿಪಿ ಸೆಷನ್ ಲಿಸನರ್ ಇಡೀ ಸೆಷನ್‌ನ ಹುಟ್ಟು ಮತ್ತು ಕೊನೆಯನ್ನು ತಿಳಿಸುತ್ತದೆ. ಇದರಲ್ಲಿ ಸೆಷನ್ ಕ್ರಿಯೇಟೆಡ್, ಸೆಷನ್ ಡೆಸ್ಟ್ರಾಯ್ಡ್ ಎಂಬ ಎರಡು ಮೆಥಡ್‌ಗಳಿವೆ. 2001ರ ಸರ್ವ್‌ಲೆಟ್ 2.3ರಲ್ಲಿ ಬಂದ ಇದೇ ನಮ್ಮ ಬೀಗದ ಕೆಲಸಕ್ಕೆ ಬೇಕಾದದ್ದು. 2017ರ ಸರ್ವ್‌ಲೆಟ್ 4.0ರಿಂದ ಎರಡೂ ಡೀಫಾಲ್ಟ್ ಮೆಥಡ್‌ಗಳಾಗಿರುವುದರಿಂದ ಬೇಕಾದ ಒಂದನ್ನಷ್ಟೇ ಬರೆದರೆ ಸಾಕು.

ಎಚ್‌ಟಿಟಿಪಿ ಸೆಷನ್ ಆಟ್ರಿಬ್ಯೂಟ್ ಲಿಸನರ್ ಅಪ್ಲಿಕೇಶನ್‌ನ ಯಾವುದೇ ಸೆಷನ್‌ನಲ್ಲಿ ಯಾವುದೇ ಆಟ್ರಿಬ್ಯೂಟ್ (ಹೆಸರು ಕೊಟ್ಟು ಸೆಷನ್‌ನಲ್ಲಿಟ್ಟ ಮೌಲ್ಯ) ಸೇರಿದಾಗ, ಬದಲಾದಾಗ, ಹೋದಾಗ ಕರೆ ಪಡೆಯುತ್ತದೆ. ‘ಬಳಕೆದಾರ’ ಎಂಬ ಆಟ್ರಿಬ್ಯೂಟ್ ಸೇರಿದ ಕ್ಷಣವನ್ನೇ ಲಾಗಿನ್ ಎಂದು ಹಿಡಿಯಲು ಇದು ಅನುಕೂಲ. ಆದರೆ ಆಟ್ರಿಬ್ಯೂಟ್ ರಿಪ್ಲೇಸ್ಡ್ ಮೆಥಡ್‌ನಲ್ಲಿ ಘಟನೆಯ ಗೆಟ್ ವ್ಯಾಲ್ಯೂ ಕೊಡುವುದು ಹಳೆಯ ಮೌಲ್ಯವನ್ನು, ಹೊಸದನ್ನಲ್ಲ. ಹೊಸದು ಬೇಕಾದರೆ ಸೆಷನ್‌ನಿಂದಲೇ ಕೇಳಿ ಪಡೆಯಬೇಕು. ಇದನ್ನು ಗಮನಿಸದೆ ಬರೆದ ಲೆಕ್ಕಪರಿಶೋಧನೆಯ ಲಾಗ್‌ಗಳಲ್ಲಿ ಹೆಸರುಗಳು ಸದಾ ಒಂದು ಹೆಜ್ಜೆ ಹಿಂದೆ ಇರುತ್ತವೆ.

ಎಚ್‌ಟಿಟಿಪಿ ಸೆಷನ್ ಬೈಂಡಿಂಗ್ ಲಿಸನರ್ ಬೇರೆಯೇ ಜಾತಿ. ಇದನ್ನು ಎಲ್ಲೂ ನೋಂದಾಯಿಸಬೇಕಿಲ್ಲ. ಸೆಷನ್‌ನಲ್ಲಿ ಇಡುವ ವಸ್ತುವೇ ಇದನ್ನು ಇಂಪ್ಲಿಮೆಂಟ್ ಮಾಡಿರುತ್ತದೆ. ಅದನ್ನು ಸೆಷನ್‌ಗೆ ಸೇರಿಸಿದಾಗ ವ್ಯಾಲ್ಯೂ ಬೌಂಡ್, ತೆಗೆದಾಗ ವ್ಯಾಲ್ಯೂ ಅನ್‌ಬೌಂಡ್ ಆ ವಸ್ತುವಿನ ಮೇಲೆಯೇ ನಡೆಯುತ್ತವೆ. ನೋಡಲು ಬಹಳ ಅಚ್ಚುಕಟ್ಟು: ‘ಬೀಗ’ ಎಂಬ ವಸ್ತುವನ್ನು ಸೆಷನ್‌ಗೆ ಹಾಕಿಬಿಟ್ಟರೆ ಸೆಷನ್ ಹೋದಾಗ ಅದು ತಾನೇ ತೆರೆದುಕೊಳ್ಳುತ್ತದೆ. ಆದರೂ ಬೀಗಕ್ಕೆ ನಾನು ಇದನ್ನು ಆರಿಸುವುದಿಲ್ಲ, ಕಾರಣ ಎರಡಿವೆ. ಮೊದಲನೆಯದು, ಬೀಗ ತೆರೆಯಲು ಆ ವಸ್ತುವಿಗೆ ಸರ್ವಿಸ್ ಬೇಕು. ಸರ್ವಿಸ್‌ನ ರೆಫರೆನ್ಸ್ ಅದರೊಳಗೆ ಇಟ್ಟರೆ ಸೆಷನ್ ಡಿಸ್ಕ್‌ಗೆ ಹೋಗುವಾಗ ಸೀರಿಯಲೈಸೇಶನ್ (ವಸ್ತುವನ್ನು ಬೈಟ್‌ಗಳಾಗಿ ಬರೆಯುವ ಕೆಲಸ) ಮುರಿಯುತ್ತದೆ. ಟ್ರಾನ್ಸಿಯೆಂಟ್ ಎಂದು ಗುರುತು ಮಾಡಿದರೆ ಮರಳಿ ಬಂದಾಗ ಅಲ್ಲಿ ನಲ್ ಇರುತ್ತದೆ. ಎರಡನೆಯದು, ಸೆಷನ್ ಮುಗಿದ ಕಾರಣಕ್ಕೆ ವ್ಯಾಲ್ಯೂ ಅನ್‌ಬೌಂಡ್ ಬಂದಾಗ ಸೆಷನ್ ಆಗಲೇ ಅಮಾನ್ಯವಾಗಿರಬಹುದು. ಟಾಮ್‌ಕ್ಯಾಟ್‌ನಲ್ಲಿ ಹಾಗೆಯೇ ಆಗುತ್ತದೆ. ಅಲ್ಲಿ ಗೆಟ್ ಆಟ್ರಿಬ್ಯೂಟ್ ಕರೆದರೆ ಇಲ್ಲೀಗಲ್ ಸ್ಟೇಟ್ ಎಕ್ಸೆಪ್ಶನ್ ಎದುರಾಗುತ್ತದೆ.

ಉಳಿದ ಎರಡರ ಬಗ್ಗೆ ಚುಟುಕಾಗಿ: ಸೆಷನ್ ಒಂದು ಜೆವಿಎಂನಿಂದ ಇನ್ನೊಂದಕ್ಕೆ ಅಥವಾ ಡಿಸ್ಕ್‌ಗೆ ಹೋಗಿ ಬರುವುದನ್ನು ಆಕ್ಟಿವೇಶನ್ ಲಿಸನರ್ ತಿಳಿಸುತ್ತದೆ. ಸೆಷನ್ ಐಡಿ ಬದಲಾದುದನ್ನು 2013ರ ಸರ್ವ್‌ಲೆಟ್ 3.1ರಲ್ಲಿ ಬಂದ ಎಚ್‌ಟಿಟಿಪಿ ಸೆಷನ್ ಐಡಿ ಲಿಸನರ್ ತಿಳಿಸುತ್ತದೆ.

ನೋಂದಣಿ

ಲಿಸನರ್ ಕ್ಲಾಸಿನ ತಲೆಯ ಮೇಲೆ @ವೆಬ್‌ಲಿಸನರ್ ಹಾಕುವುದು ಸುಲಭದ ದಾರಿ. ಇದು 2009ರ ಸರ್ವ್‌ಲೆಟ್ 3.0ರಿಂದ ಇದೆ. ಹಳೆಯ ದಾರಿ ವೆಬ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಲಿಸನರ್ ಟ್ಯಾಗ್ ಬರೆಯುವುದು. ಒಂದೇ ಲಿಸನರ್ ಇದ್ದರೆ ಯಾವುದಾದರೂ ಸರಿ. ಒಂದಕ್ಕಿಂತ ಹೆಚ್ಚು ಇದ್ದು ಅವುಗಳ ಕ್ರಮ ಮುಖ್ಯವಾದರೆ ಎಕ್ಸ್‌ಎಂಎಲ್ ಕಡೆಗೇ ಹೋಗಿ. ಅಲ್ಲಿ ಬರೆದ ಕ್ರಮದಲ್ಲಿ ಸೆಷನ್ ಹುಟ್ಟಿದ ಸುದ್ದಿ ಹೋಗುತ್ತದೆ, ಹಿಮ್ಮುಖ ಕ್ರಮದಲ್ಲಿ ಸೆಷನ್ ಮುಗಿದ ಸುದ್ದಿ ಹೋಗುತ್ತದೆ. ಅನೊಟೇಶನ್‌ಗಳಿಗೆ ಇಂಥ ಕ್ರಮದ ಖಾತರಿ ಇಲ್ಲ.

ಕೋಡ್ ಎಲ್ಲ ಸರಿ ಇದ್ದೂ ಲಿಸನರ್‌ಗೆ ಕರೆಯೇ ಬರುತ್ತಿಲ್ಲವೇ? ಇಂಪೋರ್ಟ್ ಸಾಲು ನೋಡಿ. 2020ರ ಸರ್ವ್‌ಲೆಟ್ 5.0ರಲ್ಲಿ ಪ್ಯಾಕೇಜ್‌ನ ಹೆಸರು ‘ಜಾವಾಎಕ್ಸ್’ನಿಂದ ‘ಜಕಾರ್ತಾ’ಗೆ ಬದಲಾಯಿತು. ಟಾಮ್‌ಕ್ಯಾಟ್ 9 ಹಳೆಯ ಹೆಸರನ್ನು, ಟಾಮ್‌ಕ್ಯಾಟ್ 10 ಹೊಸ ಹೆಸರನ್ನು ಬಯಸುತ್ತದೆ. ಹಳೆಯ ಲೇಖನದಿಂದ ಎತ್ತಿಕೊಂಡ ಲಿಸನರ್ ಹೊಸ ಸರ್ವರ್‌ನಲ್ಲಿ ಕೆಲಸ ಮಾಡದಿರಲು ಸಾಮಾನ್ಯವಾಗಿ ಇದೇ ಕಾರಣ.

ಲಿಸನರ್‌ನಿಂದ ಸರ್ವಿಸ್‌ಗೆ

ಲಿಸನರ್ ಸುದ್ದಿ ಮುಟ್ಟಿಸಬೇಕು, ಅಷ್ಟೇ. ಎಸ್‌ಕ್ಯುಎಲ್, ಮೇಲ್, ಫೈಲ್ ಯಾವುದೂ ಅದರೊಳಗೆ ಇರಕೂಡದು. ಹಾಗೆಯೇ ಬೀಗದ ಸರ್ವಿಸ್‌ಗೆ ಎಚ್‌ಟಿಟಿಪಿ ಸೆಷನ್ ಎಂಬ ವಸ್ತು ಇದೆ ಎಂಬುದೇ ತಿಳಿಯಬಾರದು. ಅದಕ್ಕೆ ಒಂದು ಮೆಥಡ್ ಸಾಕು: ‘ಈ ಟೋಕನ್‌ನ ಎಲ್ಲ ಬೀಗಗಳನ್ನು ಬಿಡು’. ಟೋಕನ್ ಅಂದರೆ ಬೀಗ ಯಾರದೆಂದು ತಿಳಿಯಲು ಲಾಗಿನ್ ಆದಾಗ ಕೊಡುವ ಗುರುತು. ಹೀಗೆ ಬೇರ್ಪಡಿಸಿದರೆ ಸರ್ವಿಸ್ ಅನ್ನು ಸರ್ವರ್ ಇಲ್ಲದೆಯೇ ಯೂನಿಟ್ ಟೆಸ್ಟ್ ಮಾಡಬಹುದು. ನಾಳೆ ಸೆಷನ್‌ಗಳು ರೆಡಿಸ್‌ನಂಥ ಹೊರಗಿನ ಸಂಗ್ರಹಕ್ಕೆ ಹೋದರೂ ಸರ್ವಿಸ್‌ನ ಒಂದು ಸಾಲೂ ಬದಲಾಗುವುದಿಲ್ಲ.

ಪ್ರಶ್ನೆ ಇರುವುದು ಲಿಸನರ್‌ಗೆ ಸರ್ವಿಸ್ ಸಿಗುವುದು ಹೇಗೆ ಎಂಬಲ್ಲಿ. ಲಿಸನರ್‌ನ ವಸ್ತುವನ್ನು ಸೃಷ್ಟಿಸುವುದು ಕಂಟೇನರ್, ನೀವಲ್ಲ.

ಬರೀ ಟಾಮ್‌ಕ್ಯಾಟ್ ಇದ್ದರೆ ಸರ್ವ್‌ಲೆಟ್ ಕಾಂಟೆಕ್ಸ್ಟ್ ಮೂಲಕ ಹೋಗಿ. ಒಂದು ಸರ್ವ್‌ಲೆಟ್ ಕಾಂಟೆಕ್ಸ್ಟ್ ಲಿಸನರ್ ಬರೆದು, ಅದರ ಕಾಂಟೆಕ್ಸ್ಟ್ ಇನಿಶಿಯಲೈಸ್ಡ್ ಮೆಥಡ್‌ನಲ್ಲಿ ಬೀಗದ ಸರ್ವಿಸ್ ಸೃಷ್ಟಿಸಿ, ಕಾಂಟೆಕ್ಸ್ಟ್‌ಗೆ ಆಟ್ರಿಬ್ಯೂಟ್ ಆಗಿ ಸೇರಿಸಿ. ಸೆಷನ್ ಲಿಸನರ್‌ನಲ್ಲಿ ಘಟನೆಯಿಂದ ಸೆಷನ್, ಸೆಷನ್‌ನಿಂದ ಸರ್ವ್‌ಲೆಟ್ ಕಾಂಟೆಕ್ಸ್ಟ್, ಅಲ್ಲಿಂದ ಸರ್ವಿಸ್ ಎಂದು ಹಿಡಿಯಿರಿ. ಸ್ಟಾಟಿಕ್ ಫೀಲ್ಡ್‌ನಲ್ಲಿ ಸರ್ವಿಸ್ ಇಡುವುದಕ್ಕಿಂತ ಇದು ಎಷ್ಟೋ ವಾಸಿ. ಅಪ್ಲಿಕೇಶನ್ ನಿಲ್ಲುವಾಗ ಸೆಷನ್ ಲಿಸನರ್‌ಗಳಿಗೆ ಸುದ್ದಿ ಹೋದ ನಂತರವೇ ಕಾಂಟೆಕ್ಸ್ಟ್ ಲಿಸನರ್‌ಗಳಿಗೆ ಹೋಗಬೇಕೆಂದು ನಿರ್ದಿಷ್ಟತೆ ಹೇಳುತ್ತದೆ; ಆದ್ದರಿಂದ ಕೊನೆಯ ಸೆಷನ್ ಮುಗಿಯುವವರೆಗೆ ಸರ್ವಿಸ್ ಜೀವಂತವಾಗಿರುತ್ತದೆ.

ಸ್ಪ್ರಿಂಗ್ ಬೂಟ್‌ನಲ್ಲಿ ಎಂಬೆಡೆಡ್ ಸರ್ವರ್ ಇದ್ದರೆ ಲಿಸನರ್ ಕ್ಲಾಸನ್ನು @ಕಾಂಪೊನೆಂಟ್ ಮಾಡಿ, ಕನ್‌ಸ್ಟ್ರಕ್ಟರ್‌ನಲ್ಲಿ ಸರ್ವಿಸ್ ಕೇಳಿ. ಬೂಟ್ ಅದನ್ನು ತಾನೇ ನೋಂದಾಯಿಸುತ್ತದೆ. @ವೆಬ್‌ಲಿಸನರ್ ಬಳಸುವುದಾದರೆ @ಸರ್ವ್‌ಲೆಟ್‌ಕಾಂಪೊನೆಂಟ್‌ಸ್ಕ್ಯಾನ್ ಬೇಕಾಗುತ್ತದೆ. ಎರಡರಲ್ಲಿ ಒಂದೇ ದಾರಿ ಹಿಡಿಯಿರಿ. ಸ್ಪ್ರಿಂಗ್ ಸೆಕ್ಯುರಿಟಿ ಇದ್ದವರಿಗೆ ಇನ್ನೂ ಸಲೀಸಾದ ಮಾರ್ಗವಿದೆ: ಎಚ್‌ಟಿಟಿಪಿ ಸೆಷನ್ ಈವೆಂಟ್ ಪಬ್ಲಿಷರ್ ಎಂಬ ಸಿದ್ಧ ಲಿಸನರ್ ಅನ್ನು ಬೀನ್ (ಸ್ಪ್ರಿಂಗ್ ಸೃಷ್ಟಿಸಿ ನೋಡಿಕೊಳ್ಳುವ ವಸ್ತು) ಮಾಡಿದರೆ ಸೆಷನ್ ಘಟನೆಗಳು ಸ್ಪ್ರಿಂಗ್‌ನ ಸ್ವಂತ ಘಟನೆಗಳಾಗಿ ಹರಿಯುತ್ತವೆ. ಆಗ ಬೇಕಾದ ಕಡೆ @ಈವೆಂಟ್‌ಲಿಸನರ್ ಹಾಕಿದ ಮೆಥಡ್ ಬರೆದರೆ ಆಯಿತು. ಸೆಷನ್ ಮುಗಿದ ಘಟನೆಯಿಂದಲೇ ಆ ಸೆಷನ್‌ನಲ್ಲಿದ್ದ ಸೆಕ್ಯುರಿಟಿ ಕಾಂಟೆಕ್ಸ್ಟ್‌ಗಳನ್ನೂ ಪಡೆಯಬಹುದು. ಒಬ್ಬರಿಗೆ ಒಂದೇ ಲಾಗಿನ್ ಎಂಬ ನಿಯಮ ಜಾರಿಗೊಳಿಸುವವರಿಗೂ ಈ ಪಬ್ಲಿಷರ್ ಬೇಕೇ ಬೇಕು. ಇಲ್ಲದಿದ್ದರೆ ಸಮಯ ಮೀರಿ ಹೋದ ಸೆಷನ್ ಪಟ್ಟಿಯಲ್ಲಿ ಉಳಿದು, ಅದೇ ವ್ಯಕ್ತಿಗೆ ಮತ್ತೆ ಲಾಗಿನ್ ಆಗಲು ಅಡ್ಡಿಯಾಗಬಹುದು.

ಜಕಾರ್ತಾ ಇಇ ಸರ್ವರ್‌ನಲ್ಲಿ ಲಿಸನರ್‌ಗೆ @ಇಂಜೆಕ್ಟ್ ನೇರವಾಗಿ ಕೆಲಸ ಮಾಡುತ್ತದೆ. @ಸೆಷನ್‌ಸ್ಕೋಪ್ಡ್ ಬೀನ್ ಬರೆದು ಅದರ @ಪ್ರಿಡೆಸ್ಟ್ರಾಯ್ ಮೆಥಡ್‌ನಲ್ಲಿ ಬೀಗ ಬಿಡುವ ದಾರಿಯೂ ಇದೆ. ಆದರೆ ಸೆಷನ್ ಲಿಸನರ್‌ಗಳೆಲ್ಲ ಓಡಿ ಮುಗಿದ ಮೇಲೆ ಮಾತ್ರ ಸಿಡಿಐ (ಬೀನ್‌ಗಳನ್ನು ಸೃಷ್ಟಿಸಿ ಜೋಡಿಸುವ ಜಕಾರ್ತಾ ಇಇ ವ್ಯವಸ್ಥೆ) ಆ ಬೀನ್‌ಗಳನ್ನು ನಾಶಮಾಡುತ್ತದೆ ಎಂಬುದು ನೆನಪಿರಲಿ.

ಸೆಷನ್ ಡೆಸ್ಟ್ರಾಯ್ಡ್ ಒಳಗೆ

ಸರ್ವ್‌ಲೆಟ್ 2.4ರಿಂದ ಈ ಮೆಥಡ್ ಕರೆಯಲ್ಪಡುವುದು ಸೆಷನ್ ಅಮಾನ್ಯವಾಗುವ ಸ್ವಲ್ಪ ಮುಂಚೆ. ಆದ್ದರಿಂದ ಆಟ್ರಿಬ್ಯೂಟ್‌ಗಳನ್ನು ಇಲ್ಲಿ ಓದಬಹುದು. ಮೊದಲ ಸಾಲಿನಲ್ಲಿ ಸೆಷನ್‌ನಿಂದ ಬೀಗದ ಟೋಕನ್ ಓದಿ. ಅದು ನಲ್ ಆಗಿದ್ದರೆ ಸುಮ್ಮನೆ ಮರಳಿ. ಎಷ್ಟೋ ಸೆಷನ್‌ಗಳು ಲಾಗಿನ್ ಆಗದವರವು, ಶೋಧ ಬಾಟ್‌ಗಳವು. ಜೆಎಸ್‌ಪಿ ಪುಟ ಹೇಳದಿದ್ದರೂ ಸೆಷನ್ ಸೃಷ್ಟಿಸುತ್ತದೆ, ಬೇಡವಾದಲ್ಲಿ ಪುಟದ ಡೈರೆಕ್ಟಿವ್‌ನಲ್ಲಿ ಸೆಷನ್ ಫಾಲ್ಸ್ ಎಂದು ಬರೆಯಬೇಕು. ಟೋಕನ್ ಇದ್ದರೆ ಅದನ್ನು ಸರ್ವಿಸ್‌ಗೆ ಕೊಡಿ. ಒಟ್ಟು ಐದಾರು ಸಾಲು, ಅದಕ್ಕಿಂತ ಬೆಳೆದರೆ ಏನೋ ತಪ್ಪಿದೆ.

ಟೋಕನ್ ಅಂದರೆ ಸೆಷನ್ ಐಡಿ ಅಲ್ಲ. ಬಹಳ ಮಂದಿ ಬೀಗದ ಕೋಷ್ಟಕದಲ್ಲಿ ಸೆಷನ್ ಐಡಿಯನ್ನೇ ಬರೆಯುತ್ತಾರೆ. ಲಾಗಿನ್ ಆದ ಕೂಡಲೇ ಸೆಷನ್ ಐಡಿ ಬದಲಿಸುವುದು ಸೆಷನ್ ಫಿಕ್ಸೇಶನ್ ದಾಳಿ (ದಾಳಿಕೋರ ತನಗೆ ಗೊತ್ತಿರುವ ಐಡಿಯಲ್ಲೇ ಇನ್ನೊಬ್ಬರು ಲಾಗಿನ್ ಆಗುವಂತೆ ಮಾಡುವುದು) ತಡೆಯುವ ಸರಿಯಾದ ಪದ್ಧತಿ, ಚೇಂಜ್ ಸೆಷನ್ ಐಡಿ ಮೆಥಡ್ ಇರುವುದೇ ಅದಕ್ಕೆ. ಐಡಿ ಬದಲಾದಾಗ ಸೆಷನ್ ಕ್ರಿಯೇಟೆಡ್ ಆಗಲೀ ಸೆಷನ್ ಡೆಸ್ಟ್ರಾಯ್ಡ್ ಆಗಲೀ ಬರುವುದಿಲ್ಲ. ಹಳೆಯ ಐಡಿಯಲ್ಲಿ ಬರೆದ ದಾಖಲೆ ಅನಾಥವಾಗುತ್ತದೆ. ಐಡಿ ಲಿಸನರ್ ಬರೆದು ಹಳೆಯದನ್ನು ಹೊಸದಕ್ಕೆ ತಿದ್ದಬಹುದು, ಆದರೆ ನನಗೆ ಅದಕ್ಕಿಂತ ಸರಳವಾಗಿ ಕಾಣುವುದು ಇದು: ಲಾಗಿನ್ ಆದಾಗ ಒಂದು ಯುಯುಐಡಿ (ಬೇರೆಲ್ಲೂ ಮರುಕಳಿಸದಂಥ ಗುರುತು) ಸೃಷ್ಟಿಸಿ, ಸಾಮಾನ್ಯ ಸ್ಟ್ರಿಂಗ್ ಆಗಿ ಸೆಷನ್‌ನಲ್ಲಿಡಿ, ಬೀಗಗಳನ್ನು ಅದರ ಹೆಸರಿನಲ್ಲೇ ಬರೆಯಿರಿ. ಸೆಷನ್ ಐಡಿ ಡೇಟಾಬೇಸ್‌ಗೂ ಲಾಗ್‌ಗೂ ಸೋರದೆ ಇರುವುದು ಹೆಚ್ಚುವರಿ ಲಾಭ.

ಸಮಯ ಮೀರಿದ ಸೆಷನ್‌ನ ವಿಷಯದಲ್ಲಿ ಈ ಮೆಥಡ್ ಓಡುವುದು ಸಾಮಾನ್ಯವಾಗಿ ಕಂಟೇನರ್‌ನ ಹಿನ್ನೆಲೆ ಥ್ರೆಡ್‌ನಲ್ಲಿ. ಅಲ್ಲಿ ಕೋರಿಕೆ ಇಲ್ಲ, ಐಪಿ ವಿಳಾಸ ಇಲ್ಲ, ಸೆಕ್ಯುರಿಟಿ ಕಾಂಟೆಕ್ಸ್ಟ್ ಹೋಲ್ಡರ್ ಖಾಲಿ. ಥ್ರೆಡ್‌ಗೆ ಅಂಟಿದ ಯಾವುದನ್ನೂ ನಂಬಬೇಡಿ. ಲಾಗೌಟ್ ಒತ್ತಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿ ನಡೆದು, ನಿಜ ಬಳಕೆಯಲ್ಲಿ ನಲ್ ಪಾಯಿಂಟರ್ ದೋಷ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ, ಏಕೆಂದರೆ ಲಾಗೌಟ್‌ನಲ್ಲಿ ಇದೇ ಮೆಥಡ್ ಕೋರಿಕೆಯ ಥ್ರೆಡ್‌ನಲ್ಲೇ ಓಡಿರುತ್ತದೆ. ಟ್ರಾನ್ಸಾಕ್ಷನ್ ಕೂಡ ಸರ್ವಿಸ್‌ನ ಮೆಥಡ್‌ನಲ್ಲೇ ಶುರುವಾಗಬೇಕು.

ಆ ಹಿನ್ನೆಲೆ ಥ್ರೆಡ್ ಸಮಯ ಮೀರಿದ ಸೆಷನ್‌ಗಳನ್ನು ಒಂದೊಂದಾಗಿ ಮುಗಿಸುತ್ತಾ ಹೋಗುತ್ತದೆ. ನೀವು ಅಲ್ಲಿ ದೂರದ ಸರ್ವರ್‌ಗೆ ಕರೆ ಮಾಡಿ ಕಾಯುತ್ತಾ ನಿಂತರೆ ಹಿಂದಿನವೆಲ್ಲ ಕಾಯುತ್ತವೆ. ಬೀಗದ ಒಂದು ಡಿಲೀಟ್ ಹೇಳಿಕೆ ಪರವಾಗಿಲ್ಲ. ಅದಕ್ಕಿಂತ ಭಾರವಾದುದನ್ನು ಬೇರೆ ಥ್ರೆಡ್‌ನಲ್ಲಿ ಕೆಲಸ ನಡೆಸುವ ಎಕ್ಸಿಕ್ಯೂಟರ್‌ಗೆ ಒಪ್ಪಿಸಿ. ಆಗ ಸೆಷನ್ ವಸ್ತುವನ್ನು ಎಂದೂ ಕಳುಹಿಸಬೇಡಿ. ಕೆಲಸ ಶುರುವಾಗುವ ಹೊತ್ತಿಗೆ ಅದು ಅಮಾನ್ಯವಾಗಿರುತ್ತದೆ. ಟೋಕನ್, ಬಳಕೆದಾರರ ಹೆಸರು, ಸಮಯ ಇವನ್ನು ಮೊದಲೇ ಓದಿ ಬರೀ ಮೌಲ್ಯಗಳಾಗಿ ಕೊಡಿ. ಲಿಸನರ್‌ನಲ್ಲಿ ಎಕ್ಸೆಪ್ಶನ್ ಎದ್ದರೆ ಟಾಮ್‌ಕ್ಯಾಟ್ ಅದನ್ನು ಲಾಗ್‌ಗೆ ಬರೆದು ಮುಂದೆ ಹೋಗುತ್ತದೆ, ಬಳಕೆದಾರರ ಪರದೆಯಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ನೀವೇ ಹಿಡಿದು, ಟೋಕನ್ ಸಹಿತ ಸ್ಪಷ್ಟವಾಗಿ ಲಾಗ್ ಮಾಡಿ.

ಲಾಗೌಟ್ ಯಾವುದು, ಸಮಯ ಮೀರಿದ್ದು ಯಾವುದು ಎಂದು ಘಟನೆ ತಾನಾಗಿ ಹೇಳುವುದಿಲ್ಲ. ತಿಳಿಯಬೇಕಿದ್ದರೆ ಲಾಗೌಟ್ ಕೋಡ್‌ನಲ್ಲಿ ಇನ್‌ವ್ಯಾಲಿಡೇಟ್ ಕರೆಯುವ ಮುನ್ನ ‘ಕಾರಣ’ ಎಂಬ ಆಟ್ರಿಬ್ಯೂಟ್ ಇಡಿ. ಅದು ಇಲ್ಲದಿದ್ದರೆ ಸಮಯ ಮೀರಿದ್ದು ಎಂದು ತಿಳಿಯಬಹುದು.

ಸಮಯದ ಲೆಕ್ಕ

ವೆಬ್ ಡಾಟ್ ಎಕ್ಸ್‌ಎಂಎಲ್‌ನ ಸೆಷನ್ ಟೈಮ್‌ಔಟ್ ನಿಮಿಷಗಳಲ್ಲಿ, ಕೋಡ್‌ನ ಸೆಟ್ ಮ್ಯಾಕ್ಸ್ ಇನಾಕ್ಟಿವ್ ಇಂಟರ್ವಲ್ ಸೆಕೆಂಡ್‌ಗಳಲ್ಲಿ. ಸೆಕೆಂಡ್ ಕೇಳುವಲ್ಲಿ 15 ಎಂದು ಬರೆದರೆ ಜನ ಓದುತ್ತಿರುವಾಗಲೇ ಸೆಷನ್ ಹೋಗುತ್ತದೆ. ಸೊನ್ನೆ ಅಥವಾ ಋಣ ಸಂಖ್ಯೆ ಕೊಟ್ಟರೆ ಸೆಷನ್ ಎಂದೂ ಮುಗಿಯುವುದಿಲ್ಲ, ನಿಮ್ಮ ಬೀಗವೂ ಅದರ ಜೊತೆಗೆ ಉಳಿಯುತ್ತದೆ. ಟಾಮ್‌ಕ್ಯಾಟ್‌ನಲ್ಲಿ ಏನೂ ಹೇಳದಿದ್ದರೆ 30 ನಿಮಿಷ.

ಮಿತಿ 15 ನಿಮಿಷ ಇದ್ದು ಕೊನೆಯ ಕ್ಲಿಕ್ 10:12ಕ್ಕೆ ಆಯಿತೆನ್ನಿ. ಬೀಗ ಸರಿಯಾಗಿ 10:27ಕ್ಕೆ ತೆರೆಯುತ್ತದೆ ಎಂದು ಕಾಯಬೇಡಿ. ಟಾಮ್‌ಕ್ಯಾಟ್‌ನ ಹಿನ್ನೆಲೆ ಕೆಲಸ 10 ಸೆಕೆಂಡ್‌ಗೊಮ್ಮೆ ಎಚ್ಚರಗೊಂಡು, ಪ್ರತಿ ಆರನೆಯ ಸಲ ಸೆಷನ್‌ಗಳನ್ನು ತಪಾಸಣೆ ಮಾಡುತ್ತದೆ. ಅಂದರೆ ಸುಮಾರು ನಿಮಿಷಕ್ಕೊಮ್ಮೆ. ಹೀಗಾಗಿ 10:27ರಿಂದ 10:28ರ ನಡುವೆ ಯಾವಾಗಲಾದರೂ ಸುದ್ದಿ ಬರಬಹುದು. ಇನ್ನೊಂದು ಅಂಶ: ಪುಟದಲ್ಲಿರುವ ಜಾವಾಸ್ಕ್ರಿಪ್ಟ್ ಹೊಸ ಸಂದೇಶ ಬಂದಿದೆಯೇ ಎಂದು ಆಗಾಗ ಸರ್ವರ್ ಅನ್ನು ಕೇಳುತ್ತಿದ್ದರೆ ಪ್ರತಿ ಕೋರಿಕೆಯೂ ಸೆಷನ್‌ಗೆ ಹೊಸ ಆಯಸ್ಸು ಕೊಡುತ್ತದೆ. ಟ್ಯಾಬ್ ತೆರೆದಿಟ್ಟು ಮನೆಗೆ ಹೋದವರ ಸೆಷನ್ ಬೆಳಗಿನವರೆಗೂ ಬದುಕಿರುತ್ತದೆ. ಬೀಗಕ್ಕೆ ಸೆಷನ್ ಅನ್ನು ಮಾತ್ರ ನಂಬಕೂಡದು ಎನ್ನಲು ಇದೊಂದೇ ಸಾಕು.

ಮರುಪ್ರಾರಂಭ, ಕ್ಲಸ್ಟರ್, ವಿದ್ಯುತ್ ಕಡಿತ

ಸೆಷನ್‌ಗಳನ್ನು ಡಿಸ್ಕ್‌ಗೆ ಉಳಿಸುವಂತೆ ಟಾಮ್‌ಕ್ಯಾಟ್ ಹೊಂದಿಸಿದ್ದರೆ, ಮರುಪ್ರಾರಂಭದ ನಂತರ ಅವು ಮರಳಿ ಬರುವಾಗ ಸೆಷನ್ ಕ್ರಿಯೇಟೆಡ್ ಕರೆಯಾಗುವುದಿಲ್ಲ, ಆದರೆ ಮುಂದೆ ಮುಗಿದಾಗ ಸೆಷನ್ ಡೆಸ್ಟ್ರಾಯ್ಡ್ ಬರುತ್ತದೆ. ‘ಈಗ ಇಷ್ಟು ಮಂದಿ ಆನ್‌ಲೈನ್’ ಎಂಬ ಎಣಿಕೆ ಕೆಲವೊಮ್ಮೆ ಸೊನ್ನೆಗಿಂತ ಕೆಳಗೆ ಇಳಿಯುವುದು ಹೀಗೆ. ಹುಟ್ಟಿದಾಗ ಒಂದು ಕೂಡಿಸಿ, ಮುಗಿದಾಗ ಒಂದು ಕಳೆಯುವ ಲೆಕ್ಕವನ್ನು ನೆಚ್ಚಬೇಡಿ. ಜೀವಂತ ಟೋಕನ್‌ಗಳ ಗುಂಪನ್ನು ಕಾನ್‌ಕರೆಂಟ್ ಹ್ಯಾಷ್‌ಮ್ಯಾಪ್‌ನಲ್ಲಿ ಇಟ್ಟು ಅದರ ಗಾತ್ರ ನೋಡುವುದು ಮೇಲು. ಲಿಸನರ್‌ನ ಒಂದೇ ವಸ್ತುವನ್ನು ಅನೇಕ ಥ್ರೆಡ್‌ಗಳು ಒಟ್ಟಿಗೆ ಕರೆಯುವುದರಿಂದ ಸಾಮಾನ್ಯ ಹ್ಯಾಷ್‌ಮ್ಯಾಪ್ ಸಲ್ಲದು.

ಕ್ಲಸ್ಟರ್‌ನಲ್ಲಿ, ಅಂದರೆ ಒಂದೇ ಅಪ್ಲಿಕೇಶನ್ ಹಲವು ಸರ್ವರ್‌ಗಳಲ್ಲಿ ಓಡುವಾಗ, ಪ್ರತಿ ಜೆವಿಎಂಗೂ ತನ್ನದೇ ಲಿಸನರ್ ಇರುತ್ತದೆ. ಒಂದು ಸರ್ವರ್‌ನಲ್ಲಿ ನಡೆದ ಘಟನೆ ಇನ್ನೊಂದಕ್ಕೆ ತಲುಪುತ್ತದೆ ಎಂಬ ಭರವಸೆ ಇಲ್ಲ. ಅಲ್ಲಿ ಬೀಗದ ಮಾಹಿತಿ ಸರ್ವರ್‌ನ ನೆನಪಿನಲ್ಲಿ ಇರಬಾರದು, ಎಲ್ಲರೂ ನೋಡುವ ಡೇಟಾಬೇಸ್‌ನಲ್ಲಿರಬೇಕು. ‘ಬಿಡು’ ಮೆಥಡ್ ಎರಡು ಸಲ ಓಡಿದರೂ ಹಾನಿಯಾಗದಂತಿರಬೇಕು. ಟೋಕನ್ ಆಧರಿಸಿದ ಡಿಲೀಟ್‌ಗೆ ಆ ಗುಣ ಸಹಜವಾಗಿಯೇ ಇದೆ.

ಸರ್ವರ್‌ನ ವಿದ್ಯುತ್ ಹೋದರೆ, ಪ್ರಕ್ರಿಯೆಯನ್ನು ಬಲವಂತವಾಗಿ ಕೊಂದರೆ, ಯಾವ ಲಿಸನರ್‌ಗೂ ಯಾವ ಸುದ್ದಿಯೂ ಬರುವುದಿಲ್ಲ. ಆದ್ದರಿಂದ ಪ್ರತಿ ಬೀಗಕ್ಕೂ ಒಂದು ಗಡುವಿನ ಕಾಲಂ ಇರಲಿ. ಕಡತ ನಿಜವಾಗಿ ತಿದ್ದಿದಾಗಲೆಲ್ಲ ಗಡುವನ್ನು ಮುಂದಕ್ಕೆ ಹಾಕಿ. ಬೀಗ ಕೇಳುವ ಹೊಸಬರಿಗೆ, ಗಡುವು ದಾಟಿದ ಬೀಗ ಇಲ್ಲವೆಂದೇ ಲೆಕ್ಕ. ಸೆಷನ್ ಘಟನೆ ಬೀಗವನ್ನು ಬೇಗ ತೆರೆಯುತ್ತದೆ, ಗಡುವು ಅದನ್ನು ಖಚಿತವಾಗಿ ತೆರೆಯುತ್ತದೆ. ಇವೆರಡೂ ಇಲ್ಲದ ವಿನ್ಯಾಸವನ್ನು ನಾನು ಯಾರಿಗೂ ಸೂಚಿಸಲಾರೆ.

ಪರೀಕ್ಷೆ

ಟೈಮ್‌ಔಟ್ ಅನ್ನು 1 ನಿಮಿಷಕ್ಕೆ ಇಳಿಸಿ, ಲಿಸನರ್‌ನ ಲಾಗ್ ಸಾಲಿನಲ್ಲಿ ಥ್ರೆಡ್‌ನ ಹೆಸರೂ ಬರುವಂತೆ ಮಾಡಿ. ಲಾಗಿನ್ ಆಗಿ, ಕಡತ ತೆರೆದು, ಲಾಗೌಟ್ ಒತ್ತಿ: ಕೋರಿಕೆಯ ಥ್ರೆಡ್‌ನ ಹೆಸರು ಕಾಣಬೇಕು, ಬೀಗದ ಸಾಲು ಕೋಷ್ಟಕದಿಂದ ಹೋಗಿರಬೇಕು. ಮತ್ತೆ ಲಾಗಿನ್ ಆಗಿ, ಕಡತ ತೆರೆದು, ಬ್ರೌಸರ್ ಮುಚ್ಚಿ, ಎರಡು ಮೂರು ನಿಮಿಷ ಬಿಡಿ: ಈ ಬಾರಿ ಬೇರೆ ಥ್ರೆಡ್‌ನ ಹೆಸರು ಬರಬೇಕು, ದೋಷವಿಲ್ಲದೆ. ಮೂರನೆಯ ಬಾರಿ ಲಾಗಿನ್‌ಗೆ ಮುಂಚೆಯೂ ನಂತರವೂ ಕುಕಿಯ ಸೆಷನ್ ಐಡಿ ನೋಡಿ. ಅದು ಬದಲಾಗಿರಬೇಕು, ಆದರೂ ಬೀಗ ಸರಿಯಾಗಿ ಬಿಡಬೇಕು. ಕೊನೆಯದಾಗಿ ಕಡತ ತೆರೆದಿರುವಾಗಲೇ ಸರ್ವರ್ ಪ್ರಕ್ರಿಯೆಯನ್ನು ಕಿಲ್ ಮೈನಸ್ 9ರಿಂದ ಕೊಂದು, ಮತ್ತೆ ಶುರು ಮಾಡಿ, ಗಡುವು ದಾಟಿದ ಮೇಲೆ ಇನ್ನೊಬ್ಬ ಬಳಕೆದಾರರಾಗಿ ಅದೇ ಕಡತ ತೆರೆಯಿರಿ. ತೆರೆಯದಿದ್ದರೆ ದೋಷ ಲಿಸನರ್‌ನಲ್ಲಿಲ್ಲ. ಬೀಗ ಕೊಡುವ ಕ್ವೆರಿಯಲ್ಲಿ ಗಡುವಿನ ಷರತ್ತು ಇದೆಯೇ ಎಂದು ನೋಡಿ.